ತಾಳಮದ್ದಳೆಗೆ ಮೂರು ಕ್ಯಾಮೆರಾ ಇಟ್ಟದ್ದು

ಟಿವಿ ಕೋರ್ಸ್ ಅಂದರೆ ಕ್ಯಾಮೆರಾ ಹಿಡಿಯಲು ಕಲಿಸುತ್ತಾರೆ ಎಂದು ನಮ್ಮ ಕಾಸರಗೋಡಿನ ಕಡೆ ಹೆಚ್ಚಿನವರ ಲೆಕ್ಕ. ಅಷ್ಟಕ್ಕೆ ಪುಣೆಗೆ ಹೋಗಬೇಕಾಗಿಲ್ಲ, ಮೊಬೈಲ್ ಸಾಕು. ನಾನು ಅಲ್ಲಿನ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಟಿವಿ ನಿರ್ದೇಶನ ಓದುವಾಗ ಹೆಚ್ಚು ಹೊತ್ತು ಕೂತದ್ದು ಕಂಟ್ರೋಲ್ ರೂಮಿನಲ್ಲಿ, ಕ್ಯಾಮೆರಾ ಮುಟ್ಟದೆ.

ಆ ಸಂಸ್ಥೆ ಶುರುವಾದದ್ದು 1960ರಲ್ಲಿ, ಪ್ರಭಾತ್ ಫಿಲ್ಮ್ ಕಂಪನಿಯ ಹಳೇ ಸ್ಟುಡಿಯೋ ಜಾಗದಲ್ಲಿ. ಟಿವಿ ತರಬೇತಿ ಮೊದಲು ದೆಹಲಿಯಲ್ಲಿತ್ತು, 1974ರಲ್ಲಿ ಪುಣೆಗೆ ಬಂತು. ಸಿನಿಮಾ ನಿರ್ದೇಶನದವರಿಗೆ ಮೂರು ವರ್ಷ, ನಮಗೆ ಒಂದೇ ವರ್ಷ. ಗಿರೀಶ ಕಾಸರವಳ್ಳಿ ಓದಿದ್ದು ಅಲ್ಲೇ. ಆ ಹೆಸರು ಹೇಳಿದ ಮೇಲೆಯೇ ನನಗೆ ಮನೆಯಲ್ಲಿ ಒಪ್ಪಿಗೆ ಸಿಕ್ಕಿದ್ದು!

ಹತ್ತನೇವರೆಗೆ ಕನ್ನಡ ಮೀಡಿಯಂ ಓದಿದವರಿಗೆ ಆಗುತ್ತದಾ ಎಂದು ಈಗ ಹುಡುಗರು ಕೇಳುತ್ತಾರೆ. ಆಗುತ್ತದೆ. ನಮ್ಮಲ್ಲಿ ಪಾಠ ಇಂಗ್ಲಿಷಿನಲ್ಲಿ, ಜಗಳ ಹಿಂದಿಯಲ್ಲಿ. ಮನೆಯಲ್ಲಿ ಒಂದು, ಬಸ್ಸಿನಲ್ಲಿ ತುಳು, ಆಫೀಸಿಗೆ ಹೋದರೆ ಮಲಯಾಳ ಎಂದು ದಿನವೂ ಭಾಷೆ ದಾಟುವ ಕಾಸರಗೋಡಿನವರಿಗೆ ಇದೇನು ಹೊಸತಲ್ಲ ಅಲ್ವಾ?

ಕಂಟ್ರೋಲ್ ರೂಮಿನ ಕೆಲಸ ಹೀಗೆ. ಎದುರಿಗೆ ಮೂರು ಕ್ಯಾಮೆರಾಗಳ ಚಿತ್ರ ಒಟ್ಟಿಗೆ ಕಾಣುತ್ತದೆ. ಕಿವಿಗೆ ಹೆಡ್‌ಸೆಟ್. 'ಟೂ ಸ್ಟ್ಯಾಂಡ್‌ಬೈ' ಎಂದರೆ ಎರಡನೇ ಕ್ಯಾಮೆರಾದವರು ಫ್ರೇಮ್ ಹಿಡಿದು ನಿಲ್ಲಬೇಕು. 'ಟೇಕ್ ಟೂ' ಎಂದ ಕೂಡಲೇ ಸ್ವಿಚರ್‌ನಲ್ಲಿ, ಅಂದರೆ ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಚಿತ್ರ ಬದಲಿಸುವ ಯಂತ್ರದಲ್ಲಿ, ಕೂತವರು ಗುಂಡಿ ಒತ್ತುತ್ತಾರೆ. ಮಾತು ಶುರುವಾದ ಮೇಲೆ ಹೇಳಿದರೆ ತಡವಾಯಿತು. ಬಾಯಿ ತೆರೆಯುವ ಮೊದಲೇ ಗೊತ್ತಾಗಬೇಕು. ಸ್ಕ್ರಿಪ್ಟ್ ಇದ್ದರೆ ಸುಲಭ. ಇಲ್ಲದಿದ್ದರೆ?

ಸ್ಕ್ರಿಪ್ಟ್ ಇಲ್ಲದ್ದು ಎಂದಾಗ ನನಗೆ ಹೊಳೆದದ್ದು ತಾಳಮದ್ದಳೆ. ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ ಅದು. ಪದ್ಯ ಪ್ರಸಂಗದಲ್ಲಿ, ಅಂದರೆ ಬರೆದಿಟ್ಟ ಕಥೆಯಲ್ಲಿ, ಇರುತ್ತದೆ; ಅರ್ಥ, ಅಂದರೆ ಪಾತ್ರಗಳ ಮಾತು, ಅರ್ಥಧಾರಿಗಳ ಬಾಯಲ್ಲಿ ಆಶುವಾಗಿ ಬರುತ್ತದೆ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಊರಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೋರ್ಸ್ ಮುಗಿಸಿ ಬಂದ ಮೇಲೆ ಬದಿಯಡ್ಕದ ಹತ್ತಿರ ಒಂದು ದೇವಸ್ಥಾನದ ಸಭಾಭವನದಲ್ಲಿ ರಾಮ-ವಾಲಿ ಸಂವಾದ ಇತ್ತು. ಬಾಡಿಗೆಗೆ ಮೂರು ಕ್ಯಾಮೆರಾ, ಒಂದು ಸಣ್ಣ ಸ್ವಿಚರ್ ತಂದೆವು.

ಕ್ಯಾಮೆರಾ ಎಲ್ಲಿಡಬೇಕು ಎಂಬುದನ್ನು ಕಲಾವಿದರು ಕೂರುವ ಕ್ರಮವೇ ಹೇಳಿಬಿಟ್ಟಿತು. ಹಿಂದೆ ನಡುವಿನಲ್ಲಿ ಪದ್ಯ ಹಾಡುವ ಭಾಗವತರು, ಚೆಂಡೆ, ಮದ್ದಳೆ. ಮುಂದೆ ಎರಡು ಬದಿಯಲ್ಲಿ ಅರ್ಥಧಾರಿಗಳು, ಎದುರುಬದುರು. ರಾಮನಿಂದ ವಾಲಿಗೆ ಒಂದು ಗೆರೆ ಎಳೆದ ಹಾಗೆ ನೆನೆಸಿಕೊಂಡು, ಮೂರೂ ಕ್ಯಾಮೆರಾ ಆ ಗೆರೆಯ ಈಚೆ, ಸಭಿಕರ ಬದಿಯಲ್ಲೇ ಇರಬೇಕು. ಒಂದು ಆಚೆ ಹೋದರೂ ಇಬ್ಬರೂ ಒಂದೇ ಕಡೆ ಮುಖ ಮಾಡಿ ಮಾತಾಡಿದ ಹಾಗೆ ಕಾಣುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಚಿತ್ರ ಮಿಣಮಿಣ ಅನ್ನಬಾರದು ಎಂದು ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಟ್ಟೆವು. ನಮ್ಮ ಕರೆಂಟ್ 50 ಹರ್ಟ್ಸ್, ಅದಕ್ಕೆ ಇದು ಹೊಂದುತ್ತದೆ. ಮೂರರ ಬಣ್ಣವೂ ಒಂದೇ ಹಾಗೆ ಕಾಣಲು ವೈಟ್ ಬ್ಯಾಲೆನ್ಸ್ ಮಾಡಿದ್ದು ಒಂದೇ ಬಿಳಿ ಪಂಚೆಯಿಂದ.

ಆಡಿಯೋದ್ದೇ ದೊಡ್ಡ ತಲೆಬಿಸಿ. ಮಾತಿನ ಮಟ್ಟಕ್ಕೆ ಇಟ್ಟರೆ ಚೆಂಡೆಯ ಶಬ್ದ ಒಡೆಯುತ್ತದೆ, ಚೆಂಡೆಗೆ ತಗ್ಗಿಸಿದರೆ ಮಾತು ಕೇಳುವುದಿಲ್ಲ. ಚೆಂಡೆಗೆ ಬೇರೆ ಮೈಕ್ ಕೇಳಿದಾಗ ಮೈಕ್‌ಸೆಟ್ಟಿನವರು, "ಅದಕ್ಕೆ ಮೈಕ್ ಎಂತಕೆ ಮಾರಾಯ, ಕುಂಬಳೆವರೆಗೆ ಕೇಳ್ತದೆ" ಎಂದರು. ಅವರು ಹೇಳಿದ್ದೇ ಸರಿ. ಅರ್ಥಧಾರಿಗಳ ಮೈಕಿಗೇ ಚೆಂಡೆ ಧಾರಾಳ ಬರುತ್ತದೆ. ಅವರ ಮಿಕ್ಸರಿನಿಂದ ಒಂದು ಲೈನ್ ತಗೊಂಡು, ನಮ್ಮ ರೆಕಾರ್ಡರಿನಲ್ಲಿ ಒಂದು ಟ್ರ್ಯಾಕ್ ಮಾತಿಗೆ ಸರಿಯಾಗಿ, ಅದನ್ನೇ ಇನ್ನೊಂದು ಟ್ರ್ಯಾಕಿನಲ್ಲಿ ಬಹಳ ತಗ್ಗಿಸಿ ಇಟ್ಟೆವು. ಎಡಿಟ್ ಮಾಡುವಾಗ, ಪದ್ಯ ಮತ್ತು ಚೆಂಡೆ ಬಂದಲ್ಲೆಲ್ಲ ಆ ತಗ್ಗಿಸಿದ ಟ್ರ್ಯಾಕನ್ನೇ ಬಳಸಿದೆ.

ಇನ್ನು ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಯಾವಾಗ ಕಟ್ ಮಾಡಬೇಕು? ಪದ್ಯದ ಕೊನೇ ಸಾಲು ಮತ್ತೆ ಬಂದರೆ ಅರ್ಥಧಾರಿಗೆ ಸ್ಟ್ಯಾಂಡ್‌ಬೈ. ಅವರು ಶಾಲು ಸರಿಮಾಡಿ, ಬೆನ್ನು ನೇರ ಮಾಡಿ, ಮೈಕನ್ನು ಸ್ವಲ್ಪ ಹತ್ತಿರ ಎಳೆದರೆ, ಟೇಕ್. ಚಿಕ್ಕಂದಿನಿಂದ ಚಾಪೆಯಲ್ಲಿ ಕೂತು ನೋಡಿದ್ದು ಇಲ್ಲಿ ಉಪಯೋಗಕ್ಕೆ ಬಂತು. ಆದರೆ ನಡುವೆ ಬಾಯಿ ಹಾಕುವ ಎದುರಾಳಿಯದ್ದು ಮಾತ್ರ ಅಂದಾಜಿಗೆ ಸಿಗುವುದಿಲ್ಲ. ಹಾಗಾಗಿ ಒಂದು ಕ್ಯಾಮೆರಾದವರಿಗೆ ಒಂದೇ ಮಾತು ಹೇಳಿದ್ದೆ: "ಮಾತಾಡುವವರನ್ನು ನಾವು ನೋಡಿಕೊಳ್ಳುತ್ತೇವೆ, ನೀನು ಕೇಳುವವರ ಮುಖ ಬಿಡಬೇಡ."

ವಾಲಿ ಕೇಳುತ್ತಿದ್ದ, ಮರದ ಮರೆಯಿಂದ ಬಾಣ ಬಿಡುವುದು ಯಾವ ಕ್ಷತ್ರಿಯ ಧರ್ಮ ಎಂದು. ರಾಮನ ಅರ್ಥ ಹೇಳುವವರು ತಲೆ ತಗ್ಗಿಸಿ ಎಲೆಅಡಿಕೆಯ ತಟ್ಟೆ ನೋಡುತ್ತಿದ್ದರು. ಒಂದು ಮಾತಿಗೆ ಅವರ ತುಟಿಯ ತುದಿ ಚೂರು ನಕ್ಕಿತು. ಬೆರಳು ತೊಡೆಯ ಮೇಲೆ ಒಂದು, ಎರಡು ಎಂದು ಎಣಿಸತೊಡಗಿತು. ಉತ್ತರಗಳನ್ನು ಅಲ್ಲೇ ಜೋಡಿಸಿಕೊಳ್ಳುತ್ತಿದ್ದರು! ವಾಲಿಯ ಮಾತು ಓಡುತ್ತಿರುವಾಗಲೇ ನಾನು ಆ ಮುಖಕ್ಕೆ ಹೋಗಿ ಅಲ್ಲೇ ಉಳಿದೆ. ನಮ್ಮ ಊರಿನ ತಾಳಮದ್ದಳೆ ವಿಡಿಯೋಗಳಲ್ಲಿ ನನಗೆ ಕೊರತೆ ಕಾಣುವುದು ಇಲ್ಲೇ. ಮಾತಾಡುವವರಿಗೆ ಅಂಟಿದ ಕ್ಯಾಮೆರಾ ಅಲ್ಲಾಡುವುದೇ ಇಲ್ಲ. ವಾದದ ಅರ್ಧ ಕೇಳುವವರ ಮುಖದಲ್ಲಿ ನಡೆಯುತ್ತದೆ.

ನೀವೂ ಮಾಡುವುದಾದರೆ, ಸ್ವಿಚ್ ಮಾಡಿದ್ದರ ಜೊತೆ ಮೂರೂ ಕ್ಯಾಮೆರಾದ ಕಾರ್ಡುಗಳಲ್ಲಿ ಬೇರೆ ಬೇರೆ ರೆಕಾರ್ಡ್ ಮಾಡಿಕೊಳ್ಳಿ, ಎಡಿಟಿಂಗಿನಲ್ಲಿ ಸರಿಮಾಡಲು ಬೇಕು. ಶುರುವಿಗೆ ಎಲ್ಲ ಕ್ಯಾಮೆರಾಕ್ಕೂ ಕಾಣುವ ಹಾಗೆ ಒಂದು ಚಪ್ಪಾಳೆ ಹೊಡೆದರೆ ಹೊಂದಿಸುವುದು ಸುಲಭ. ಕಲಾವಿದರ ಒಪ್ಪಿಗೆ ಮೊದಲೇ ಕೇಳಿ, ಕಾಪಿ ಅವರಿಗೂ ಕೊಡಿ. ಅವರು ನೋಡುವುದು ಮೊಬೈಲಿನಲ್ಲಿ, ಹಾಗಾಗಿ ಹೆಸರಿನ ಅಕ್ಷರ ಟಿವಿಗೆ ಹಾಕುವುದಕ್ಕಿಂತ ಸ್ವಲ್ಪ ದೊಡ್ಡದೇ ಇರಲಿ.