‘ವೀರಪಾಂಡ್ಯ ಕಟ್ಟಬೊಮ್ಮನ್’ನಂಥ ಹಳೆಯ ಬಣ್ಣದ ಚಿತ್ರವನ್ನು ಡಿಜಿಟಲ್‌ಗೆ ತರುವ ಬಗೆ

ಬಿ.ಆರ್. ಪಂತುಲು ನಿರ್ದೇಶಿಸಿದ, ಶಿವಾಜಿ ಗಣೇಶನ್ ಅಭಿನಯದ ಈ ತಮಿಳು ಚಿತ್ರ (1959) ಚಿತ್ರೀಕರಣವಾದದ್ದು ಗೇವಾಕಲರ್ ಎಂಬ ಬಣ್ಣದ ಫಿಲ್ಮಿನಲ್ಲಿ. ಟೆಕ್ನಿಕಲರ್ ಪ್ರಿಂಟ್‌ಗಳು (ಥಿಯೇಟರಿಗೆ ಹೋಗುವ ಪ್ರತಿಗಳು) ತಯಾರಾದದ್ದು ಲಂಡನ್ನಿನಲ್ಲಿ. ಹಾಗಾಗಿ ಇಂಥ ಚಿತ್ರದಲ್ಲಿ ದೃಶ್ಯದ ವಿವರವನ್ನು ಕ್ಯಾಮೆರಾದಲ್ಲಿ ಓಡಿದ ನೆಗೆಟಿವ್‌ನಲ್ಲಿ ಹುಡುಕಬೇಕು, ಬಣ್ಣದ ಸಾಕ್ಷಿಯನ್ನು ಪ್ರಿಂಟ್‌ನಲ್ಲಿ.

ಮೊದಲು ಡಬ್ಬಿ ತೆರೆದು ಮೂಸಿ ನೋಡಿ. ವಿನೆಗರ್ ವಾಸನೆ ಹೊಡೆದರೆ ಫಿಲ್ಮಿನ ಪಟ್ಟಿಯಾದ ಅಸಿಟೇಟ್ ಪ್ಲಾಸ್ಟಿಕ್ ಕೊಳೆಯುತ್ತಿದೆ. ಆ ರೀಲನ್ನು ಬೇರೆಯೇ ಇಡಿ, ಇಲ್ಲದಿದ್ದರೆ ಆಮ್ಲದ ಆವಿ ಪಕ್ಕದ ರೀಲುಗಳನ್ನೂ ತಿನ್ನುತ್ತದೆ. ನಂತರ 100 ಫ್ರೇಮ್ ಅಳೆಯಿರಿ. ಕುಗ್ಗದ 35 ಎಂಎಂ ಫಿಲ್ಮಿನಲ್ಲಿ ಅದು ಸುಮಾರು 1.9 ಮೀಟರ್. 19 ಮಿಲಿಮೀಟರ್ ಕಡಿಮೆ ಬಂತೆಂದರೆ ಶೇ. 1ರಷ್ಟು ಕುಗ್ಗಿದೆ. ಹಲ್ಲುಚಕ್ರವಿರುವ ಯಂತ್ರಕ್ಕೆ ಅದನ್ನು ಕೊಟ್ಟರೆ ಅಂಚಿನ ತೂತುಗಳು ಹರಿಯುತ್ತವೆ. ರೋಲರ್ ಮೇಲೆ ಸಾಗುವ ಸ್ಕ್ಯಾನರೇ ಬೇಕು.

ಸ್ಕ್ಯಾನ್ 4ಕೆ (ಅಗಲದಲ್ಲಿ ಸುಮಾರು 4,000 ಪಿಕ್ಸೆಲ್) ಇರಲಿ, ತೂತುಗಳ ಅಂಚೂ ಸೇರಿ ಬರಲಿ. ಮುಂದೆ ಚಿತ್ರದ ಅಲುಗಾಟ ನಿಲ್ಲಿಸಲು ಆ ಅಂಚೇ ಆಧಾರ. ಸೆಕೆಂಡಿಗೆ 24ರಂತೆ ಮೂರು ಗಂಟೆಯ ಚಿತ್ರಕ್ಕೆ 2,59,200 ಫ್ರೇಮ್. ಫ್ರೇಮಿಗೊಂದರಂತೆ ಉಳಿಸುವ 10 ಬಿಟ್ ಡಿಪಿಎಕ್ಸ್ ಕಡತಗಳಾದರೆ ಸುಮಾರು 13 ಟಿಬಿ. ನಕಲಿಗೂ ಅಷ್ಟೇ ಜಾಗ ಮೀಸಲಿಡಿ.

ಬಣ್ಣ ತಿದ್ದುವಾಗ ಹಳೆಯ ಟೆಕ್ನಿಕಲರ್ ಪ್ರಿಂಟ್ ಒಂದು ರೀಲ್ ಸಿಕ್ಕರೂ ಭಾಗ್ಯ. ಆಗಿನ ಮಾಮೂಲಿ ಬಣ್ಣದ ಪ್ರಿಂಟ್‌ನಲ್ಲಿ ಸಯಾನ್ (ಹಸಿರು ಮಿಶ್ರಿತ ನೀಲಿ) ವರ್ಣ ಕತ್ತಲಲ್ಲಿಟ್ಟರೂ ಮಾಸಿ, ಚಿತ್ರವೆಲ್ಲ ಕೆಂಪಡರುತ್ತದೆ. ಟೆಕ್ನಿಕಲರ್‌ನಲ್ಲಿ ಮೂರು ಅಚ್ಚುಗಳಿಂದ ಬಣ್ಣವನ್ನು ಒಂದೊಂದಾಗಿ ಫಿಲ್ಮಿಗೆ ಒತ್ತುತ್ತಿದ್ದರು. ಆ ಬಣ್ಣಗಳು ಗಟ್ಟಿ. ದೃಶ್ಯದಿಂದ ದೃಶ್ಯಕ್ಕೆ ಕರಗುವ ಜಾಗಗಳಲ್ಲಿ ಮಾತ್ರ ಬೇರೆ ಲೆಕ್ಕ: ಅವು ನಕಲು ನೆಗೆಟಿವ್‌ನ ತುಣುಕುಗಳು. ಮರಳಿನಂಥ ಕಾಳು ಹೆಚ್ಚು, ಮಾಸಿದ ರೀತಿಯೂ ಬೇರೆ. ಅಕ್ಕಪಕ್ಕದ ಶಾಟ್‌ಗೆ ಕೊಟ್ಟ ತಿದ್ದುಪಡಿಯನ್ನು ಇವಕ್ಕೂ ಎಳೆದರೆ ಮುಖದ ಬಣ್ಣ ಥಟ್ಟನೆ ಬದಲಾಗುತ್ತದೆ.

ಹೆಚ್ಚಿನವರು ಎಡವುವುದು ಧೂಳು ತೆಗೆಯುವಾಗ. ಒಂದೇ ಫ್ರೇಮಿನಲ್ಲಿ ಕಂಡು ಮರುಫ್ರೇಮಿನಲ್ಲಿ ಇಲ್ಲದ ಚುಕ್ಕೆಯೆಲ್ಲ ಸಾಫ್ಟ್‌ವೇರ್ ಕಣ್ಣಿಗೆ ಕೊಳೆಯೇ. ಐತಿಹಾಸಿಕ ಚಿತ್ರದಲ್ಲಿ ಅಂಥ ಚುಕ್ಕೆಗಳದ್ದೇ ಸೊಗಸು: ಕಿರೀಟದ ಹರಳಿನ ಮಿಂಚು, ಬೀಸಿದ ಕತ್ತಿಯ ಮೊನೆ, ಕುದುರೆ ಗೊರಸಿಗೆ ಎದ್ದ ಮಣ್ಣು. ಜೈಪುರದಲ್ಲಿ ತೆಗೆದ ಯುದ್ಧದ ದೃಶ್ಯಗಳಂಥವನ್ನು ಸ್ವಯಂಚಾಲಿತ ವಿಧಾನಕ್ಕೆ ಬಿಟ್ಟರೆ ಭರ್ಜಿಗಳ ತುದಿ ಮಾಯವಾಗಬಹುದು. ಅವನ್ನು ಫ್ರೇಮ್ ಫ್ರೇಮ್ ನೋಡಿ ಕೈಯಿಂದಲೇ ಮಾಡಿ. ದರ್ಬಾರಿನ ಮಾತಿನ ದೃಶ್ಯಗಳಿಗೆ ಸಾಫ್ಟ್‌ವೇರ್ ನಡೆಯುತ್ತದೆ, ಒಡವೆಗಳನ್ನು ಅದು ಮುಟ್ಟದಂತೆ ಸುತ್ತ ಮಾಸ್ಕ್ ಹಾಕಿದ್ದರೆ.

ಚೌಕಟ್ಟಿನ ಅಗಲ-ಎತ್ತರದ ಅನುಪಾತವನ್ನು 1.37:1ರಲ್ಲೇ ಉಳಿಸಿ. ಅಗಲ ಪರದೆಗೆಂದು 2.35:1ಕ್ಕೆ ಕತ್ತರಿಸಿದರೆ ಎತ್ತರದಲ್ಲಿ ಶೇ. 41ಕ್ಕೂ ಹೆಚ್ಚು ಹೋಗುತ್ತದೆ. ರಾಜನ ಪೇಟವೋ ಕಾಲೋ, ಯಾವುದನ್ನು ಬಿಡುತ್ತೀರಿ?

ಧ್ವನಿಯನ್ನು ಪ್ರಿಂಟ್‌ನಿಂದ ಎತ್ತುವಾಗ ಫಿಲ್ಮ್ ಹರಿದಲ್ಲಿ ಅಂಟಿಸಿದ ಜೋಡಣೆಗಳ ಪಟ್ಟಿ ಮಾಡಿಕೊಳ್ಳಿ. ಪ್ರಿಂಟ್‌ನಲ್ಲಿ ಧ್ವನಿ ತನ್ನ ಚಿತ್ರಕ್ಕಿಂತ 20 ಫ್ರೇಮ್ ಮುಂದಿರುತ್ತದೆ. ಆದ್ದರಿಂದ ಚಿತ್ರ ಜಿಗಿದ ಕಡೆ ಮಾತು ಸರಿಯಾಗಿಯೇ ಇದ್ದು, ಸುಮಾರು 0.83 ಸೆಕೆಂಡ್ ನಂತರ ಪದ ನುಂಗಿಹೋಗುತ್ತದೆ. ಬ್ರಿಟಿಷ್ ಕಲೆಕ್ಟರ್ ಜಾಕ್ಸನ್ ಎದುರಿನ ತೆರಿಗೆಯ ಮಾತುಗಳಂಥ, ಜನ ಬಾಯಿಪಾಠ ಮಾಡಿರುವ ಸಂಭಾಷಣೆಯಲ್ಲಿ ಒಂದಕ್ಷರ ತಪ್ಪಿದರೂ ಥಿಯೇಟರ್ ಗದ್ದಲವಾಗುತ್ತದೆ. ಆ ರೀಲಿಗೆ ಎರಡನೇ ಪ್ರಿಂಟ್ ಹುಡುಕಿಟ್ಟುಕೊಂಡೇ ಕೂರಿ.