ಭದ್ರಾ ಹಿನ್ನೀರಿನ ಆಸ್ಪ್ರೇ: ಮೊದಲು ಗಾಳಿ, ಆಮೇಲೆ ಕ್ಯಾಮೆರಾ

ಆಸ್ಪ್ರೇ ಮೀನು ಹಿಡಿಯುವ ಚಿತ್ರ ದಕ್ಕುವುದು ಲೆನ್ಸಿಗಿಂತ ಹೆಚ್ಚಾಗಿ ಗಾಳಿಯ ದಿಕ್ಕಿನಿಂದ. ಚಳಿಗಾಲಕ್ಕೆ ವಲಸೆ ಬರುವ ಈ ಹಕ್ಕಿ ಲಕ್ಕವಳ್ಳಿಯ ಭದ್ರಾ ಹಿನ್ನೀರಿನಲ್ಲಿ ನಿಂತ ಒಣಮರಗಳ ತುದಿಯಲ್ಲಿ ಕೂರುತ್ತದೆ. ನವೆಂಬರ್‌ನಿಂದ ಫೆಬ್ರುವರಿವರೆಗೆ ನಾನು ಹೋಗುತ್ತೇನೆ.

ಕೊಂಬೆ ಬಿಟ್ಟು ಏಳುವುದೂ, ನೀರಿನ ಮೇಲೆ ರೆಕ್ಕೆ ಬಡಿಯುತ್ತ ಒಂದೇ ಕಡೆ ನಿಲ್ಲುವುದೂ ಗಾಳಿಗೆ ಎದುರಾಗಿಯೇ. ಚಳಿಗಾಲದ ಬೆಳಿಗ್ಗೆ ಸಾಮಾನ್ಯವಾಗಿ ಮೂಡಣ ಗಾಳಿ. ದೋಣಿಯನ್ನು ಹಕ್ಕಿಯ ಪೂರ್ವಕ್ಕೆ ತಂದರೆ ಬಿಸಿಲೂ ಗಾಳಿಯೂ ನಮ್ಮ ಬೆನ್ನಿಗೆ, ಹಕ್ಕಿಯ ಮುಖ ನಮ್ಮ ಕಡೆಗೆ. ಸುಮಾರು 70 ಮೀಟರ್ ದೂರದಲ್ಲೇ ಎಂಜಿನ್ ನಿಲ್ಲಿಸುತ್ತೇನೆ; ಮಿಕ್ಕ ದೂರವನ್ನು ಗಾಳಿಯೇ ದೂಡುತ್ತದೆ. ಸಂಜೆಯೂ ಅದೇ ಗಾಳಿಯಿದ್ದರೆ, ಬೆಳಕಿನ ಕಡೆ ನಿಂತವರಿಗೆ ಸಿಗುವುದು ಬಾಲ ಮಾತ್ರ.

ದೋಣಿಯಲ್ಲಿ ಟ್ರೈಪಾಡ್ ಬೇಡ, ಅಲುಗಾಟವೆಲ್ಲ ಕ್ಯಾಮೆರಾಕ್ಕೆ ಏರುತ್ತದೆ. ಮೊಣಕೈ ಪಕ್ಕೆಗೆ ಒತ್ತಿ ಕೈಯಲ್ಲೇ ಹಿಡಿಯುತ್ತೇನೆ. ಶಟರ್ 1/3200 ಸೆಕೆಂಡ್, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 6.3, ಏಳೂವರೆಯ ಬಿಸಿಲಿಗೆ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1000ದ ಆಸುಪಾಸು, ಮೂರೂ ಮ್ಯಾನ್ಯುಯಲ್, ಅಂದರೆ ನಾನೇ ಹೊಂದಿಸಿದ್ದು. ಕ್ಯಾಮೆರಾವನ್ನು ಆಟೋದಲ್ಲೇ ಬಿಟ್ಟರೆ ಹಿನ್ನೆಲೆ ಆಕಾಶದಿಂದ ಕಾಡಿಗೆ, ಕಾಡಿನಿಂದ ನೀರಿಗೆ ಬದಲಾದಂತೆಲ್ಲ ಎಕ್ಸ್‌ಪೋಶರ್ (ಚಿತ್ರಕ್ಕೆ ಸಿಗುವ ಬೆಳಕಿನ ಪ್ರಮಾಣ) ಕುಣಿಯುತ್ತದೆ. ಕಪ್ಪು ನೀರಿನೆದುರು ಹಕ್ಕಿಯ ಬಿಳಿ ನೆತ್ತಿ ಗರಿಯ ವಿವರವೇ ಕಾಣದಷ್ಟು ಬೆಳ್ಳಗಾಗಿ ಸುಟ್ಟುಹೋಗುತ್ತದೆ. ಅದೇ ಬಿಸಿಲಲ್ಲಿ ಕೂತ ಬೆಳ್ಳಕ್ಕಿಯ ಒಂದು ಚಿತ್ರ ತೆಗೆದು, ಅದರ ಗರಿಯ ಗೆರೆಗಳು ಕಾಣುವಂತೆ ಹೊಂದಿಸಿಕೊಂಡರೆ ಆಸ್ಪ್ರೇಗೂ ಸರಿಹೋಗುತ್ತದೆ.

ಕೂತ ಆಸ್ಪ್ರೇ ಗರಿ ತಿದ್ದುವುದನ್ನು ಬಿಟ್ಟು ಮುಂದಕ್ಕೆ ಬಾಗಿ ಹಿಕ್ಕೆ ಹಾಕಿತೆಂದರೆ ಬಹುಮಟ್ಟಿಗೆ ಹಾರುತ್ತದೆ. ಲೆನ್ಸಿನಲ್ಲಿ 600 ಮಿಮೀ ಜೂಮ್ ಇದ್ದರೂ ನಾನು 400ಕ್ಕೆ ಇಳಿಸುತ್ತೇನೆ, ಚೌಕಟ್ಟಿನ ಕೆಳಗೆ ಜಾಗ ಬಿಡುತ್ತೇನೆ. ಪೂರ್ತಿ ಜೂಮ್‌ನಲ್ಲಿ ನೀರಿಗೆ ಬೀಳುವಾಗ ರೆಕ್ಕೆ ಕತ್ತರಿಸಿಹೋಗುತ್ತದೆ. ಹಕ್ಕಿಯನ್ನು ಹಿಂಬಾಲಿಸುವ ಫೋಕಸ್ ಟ್ರ್ಯಾಕಿಂಗ್ ನಿಧಾನಕ್ಕೆ ಬದಲಾಗುವಂತಿರಲಿ. ಚುರುಕಾಗಿಟ್ಟರೆ ಎದ್ದ ನೀರಿನ ಹನಿಗಳನ್ನೇ ಹಿಡಿಯುತ್ತದೆ.

ಹಕ್ಕಿ ಕಾಲು ಮುಂದೆ ಚಾಚಿ ನೀರಿಗೆ ಬಿದ್ದ ಕ್ಷಣಕ್ಕೇ ಎಷ್ಟೋ ಜನ ಶಟರ್ ಗುಂಡಿಯಿಂದ ಬೆರಳು ತೆಗೆದುಬಿಡುತ್ತಾರೆ. ನನಗೆ ಬೇಕಾದದ್ದು ಆಮೇಲಿನದು. ಎದೆಮಟ್ಟ ನೀರಲ್ಲಿ ಒಂದೆರಡು ಕ್ಷಣ ರೆಕ್ಕೆ ಹರಡಿಕೊಂಡಿದ್ದು, ಭಾರ ಎಳೆದುಕೊಂಡು ಮೇಲೇಳುತ್ತದೆ. ಸ್ವಲ್ಪ ಎತ್ತರ ಸಿಕ್ಕ ಕೂಡಲೇ ಒದ್ದೆ ನಾಯಿಯಂತೆ ಮೈ ಕೊಡವುತ್ತದೆ. ತಲೆಯಿಂದ ಬಾಲದವರೆಗೆ ಹನಿಗಳ ಸುರುಳಿ. ಹೊರಬೆರಳನ್ನು ಹಿಂದಕ್ಕೂ ತಿರುಗಿಸಬಲ್ಲ ಕಾಲಿನಿಂದ ಮೀನಿನ ತಲೆ ಮುಂದಕ್ಕೆ ಬರುವಂತೆ ಹೊಂದಿಸಿಕೊಳ್ಳುವುದೂ ಆಗಲೇ. ಅದಕ್ಕೇ ಬಫರ್ (ಚಿತ್ರಗಳು ಕಾರ್ಡಿಗೆ ಹೋಗುವ ಮೊದಲು ಕ್ಯಾಮೆರಾದೊಳಗೆ ನಿಲ್ಲುವ ಜಾಗ) ತುಂಬದಂತೆ ಚಿಕ್ಕಚಿಕ್ಕ ಬರ್ಸ್ಟ್ ಹಾಕುತ್ತೇನೆ, ಅಂದರೆ ಒಮ್ಮೆಗೆ ಕೆಲವೇ ಚಿತ್ರಗಳ ಸರಣಿ.

ಒಂಬತ್ತೂವರೆಯ ನಂತರ ನೀರಿನ ಮೇಲೆ ಬಿಸಿಗಾಳಿ ಅಲೆಯಾಡತೊಡಗಿದರೆ ಚಿತ್ರ ಮಸುಕಾಗುತ್ತದೆ, ಲೆನ್ಸನ್ನು ದೂರಬೇಡಿ. ಮೀನು ಎಸೆದು ಹಕ್ಕಿ ಕರೆಯುವುದಂತೂ ಕೂಡದು. ಬೇಟೆ ಹಿಡಿದು ಮರಕ್ಕೆ ಕೂತ ಮೇಲೆ ದೋಣಿ ಹತ್ತಿರ ಒಯ್ಯುವುದಿಲ್ಲ. ಗಾಬರಿಯಾದರೆ ಮೀನು ಬಿಟ್ಟು ಹಾರಿಬಿಡುತ್ತದೆ.