ಸ್ಕೋಪ್ ಮೂಲಕ ಫೋಟೊ: ಕ್ಯಾಮೆರಾಗೆ ಸರಿಯಾದ ಲೆಕ್ಕ ಕೊಡಿ

ದೂರದ ಹಕ್ಕಿ ನೋಡುವ ದುರ್ಬೀನು, ಅಂದರೆ ಸ್ಪಾಟಿಂಗ್ ಸ್ಕೋಪಿಗೆ ಕ್ಯಾಮೆರಾ ಜೋಡಿಸುತ್ತಾರೆ, ನಡುಕ ತಡೆಯುವ ಸ್ಟೆಬಿಲೈಸೇಶನ್ ಆನ್ ಮಾಡುತ್ತಾರೆ, ಇನ್ನೇನು ಚಿಂತೆಯಿಲ್ಲ ಅಂದುಕೊಳ್ಳುತ್ತಾರೆ. ಮನೆಗೆ ಬಂದು ನೋಡಿದರೆ ಹಕ್ಕಿಯೆಲ್ಲ ಮಸುಕು. ಬೈಗುಳ ಮಾತ್ರ ಪಾಪ ಸ್ಕೋಪಿಗೆ!

ಮೊದಲು ಟ್ರೈಪಾಡ್ ಗಟ್ಟಿಯಾಗಿ ನಿಲ್ಲಿಸಿ, ನಡುವಿನ ಕಂಬ ಮೇಲೆತ್ತಬೇಡಿ. ಸ್ಕೋಪಿನ ಜೂಮ್ 20ರಲ್ಲೇ ಇರಲಿ. 60ರ ಆಸೆ ಬಿಡಿ.

ಈಗ ಎಲ್ಲರೂ ಎಡವುವ ಜಾಗ. ಚಿತ್ರ ಹಿಡಿಯುವ ಸೆನ್ಸರ್ ಅಲುಗಿಸಿ ನಡುಕ ತಡೆಯುವ ಕ್ಯಾಮೆರಾ, ಎಷ್ಟು ಅಲುಗಿಸಬೇಕು ಎಂಬುದನ್ನು ಲೆನ್ಸಿನ ಫೋಕಲ್ ಲೆಂತ್ (ಅದು ಎಷ್ಟು ಹಿಗ್ಗಿಸುತ್ತದೆ ಎಂದು ಹೇಳುವ ಎಂಎಂ ಅಂಕಿ) ನೋಡಿ ತೀರ್ಮಾನಿಸುತ್ತದೆ. 50 ಎಂಎಂ ಲೆನ್ಸ್ ಹಾಕಿದರೆ 50ರ ಲೆಕ್ಕವೇ. ಮುಂದೆ ಸ್ಕೋಪ್ ಇದೆ ಅಂತ ಅದಕ್ಕೇನು ಗೊತ್ತು? ಸ್ಕೋಪ್ 20 ಪಟ್ಟು ಹಿಗ್ಗಿಸಿದರೆ ಒಟ್ಟು 1000 ಎಂಎಂ. ನಡುಕವೂ 20 ಪಟ್ಟು. ಕ್ಯಾಮೆರಾ ಸರಿಪಡಿಸುವುದು ಅದರಲ್ಲಿ ಇಪ್ಪತ್ತರಲ್ಲೊಂದು ಪಾಲು. ಸುಮ್ನೆ ಬ್ಯಾಟರಿ ದಂಡ. ಲೆನ್ಸಿನೊಳಗಿನ ಸ್ಟೆಬಿಲೈಸೇಶನ್‌ನದೂ ಇದೇ ಕಥೆ.

ನನ್ನ ಸಲಹೆ: ಹಳೆಯ ಮ್ಯಾನುಯಲ್ ಲೆನ್ಸ್ ಹಾಕಿ. ಕ್ಯಾಮೆರಾ ಜೊತೆ ಅದು ಮಾತಾಡುವುದಿಲ್ಲ, ಹಾಗಾಗಿ ಫೋಕಲ್ ಲೆಂತನ್ನು ಮೆನುವಿನಲ್ಲಿ ನೀವೇ ತುಂಬಬಹುದು. ಅಲ್ಲಿ 50 ಅಲ್ಲ, 1000 ಅಂತ ತುಂಬಿ. ಸೆನ್ಸರ್ ಚಿಕ್ಕದು ಅಂತ ಮತ್ತೆ ಒಂದೂವರೆಯಿಂದ ಗುಣಿಸಬೇಡಿ, ಲೆನ್ಸ್ ಮೇಲೆ ಬರೆದಿರುವ ಅಂಕಿಯನ್ನು ಸ್ಕೋಪಿನ ಜೂಮ್‌ನಿಂದ ಗುಣಿಸಿದರೆ ಸಾಕು. ಸ್ಕೋಪಿನ ಜೂಮ್ ತಿರುಗಿಸಿದಾಗಲೆಲ್ಲ ಈ ಅಂಕಿಯೂ ಬದಲಾಗಬೇಕು, ಮರೆಯುವುದು ಇಲ್ಲೇ. ಹಲವು ಕ್ಯಾಮೆರಾಗಳು 1000ದಾಚೆ ಒಪ್ಪುವುದೂ ಇಲ್ಲ. ಅನುಮಾನವಿದ್ದರೆ ಕಡಿಮೆಯೇ ತುಂಬಿ. ಕಡಿಮೆಯಾದರೆ ಒಂದಿಷ್ಟು ನಡುಕ ಉಳಿಯುತ್ತದೆ, ಅಷ್ಟೇ. ಎರಡು ಪಟ್ಟಿಗಿಂತ ಜಾಸ್ತಿಯಾದರೆ ಆಫ್ ಮಾಡಿದ್ದಕ್ಕಿಂತ ಕೆಟ್ಟ ಫೋಟೊ ಬರುತ್ತದೆ.

ಮೊಬೈಲಿನಲ್ಲಿ ಈ ಅಂಕಿ ತುಂಬುವ ದಾರಿಯೇ ಇಲ್ಲ. ಫೋನನ್ನು ಸ್ಕೋಪಿಗೆ ಜೋಡಿಸುವ ಅಗ್ಗದ ಅಡಾಪ್ಟರ್ ಕೊಳ್ಳಬೇಡಿ, ಫೋನಿನ ಭಾರಕ್ಕೆ ಜೋತುಬೀಳುತ್ತವೆ. ಮ್ಯಾಗ್ನೆಟ್ ಇರುವುದಂತೂ ಬೇಡವೇ ಬೇಡ, ಕೆಲವು ಫೋನ್‌ಗಳ ಸ್ಟೆಬಿಲೈಸೇಶನ್ ಅದರಿಂದಲೇ ಹಾದಿ ತಪ್ಪುತ್ತದೆ.

ಇನ್ನು ಶಟರ್. 80 ಎಂಎಂ ಬಾಯಿಯ ಸ್ಕೋಪ್ 1000 ಎಂಎಂ ಆದಾಗ ಎಫ್/12.5, ಬೆಳಕು ಕಡಿಮೆ. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿ, ಶಟರ್ 1/500 ಸೆಕೆಂಡಿಗಿಂತ ನಿಧಾನವಾಗದಿರಲಿ. ಕಾಳು ಕಾಳಾದ ಚಿತ್ರವನ್ನು ಸರಿಮಾಡಬಹುದು, ಅಲುಗಿದ್ದನ್ನು ಆಗದು. ಹಕ್ಕಿ ಕೂತಿದ್ದರೆ 2 ಸೆಕೆಂಡ್ ಟೈಮರ್ ಇಡಿ.

ಕಡೆಗೊಂದು ಪರೀಕ್ಷೆ, ಹಕ್ಕಿಯ ಮೇಲಲ್ಲ, ದೂರದ ಬೋರ್ಡಿನ ಮೇಲೆ. ಸ್ಟೆಬಿಲೈಸೇಶನ್ ಆನ್ ಮಾಡಿ 10, ಆಫ್ ಮಾಡಿ 10 ಫೋಟೊ ತೆಗೆದು ಅಕ್ಷರಗಳನ್ನು ಹಿಗ್ಗಿಸಿ ನೋಡಿ. ಆಫ್‌ನವೇ ಚೆನ್ನಾಗಿದ್ದರೆ ಆಫ್ ಮಾಡಿಯೇ ಇಡಿ. ಎರಡರಲ್ಲೂ ಅಕ್ಷರ ನೀರಿನೊಳಗಿದ್ದಂತೆ ಕುಣಿಯುತ್ತಿದ್ದರೆ ಅದು ಬಿಸಿಗಾಳಿಯ ಆಟ. ಸ್ಕೋಪ್ ಮಡಚಿ, ನಾಳೆ ಬೆಳಗ್ಗೆ ಬೇಗ ಬನ್ನಿ.